ಏಳು ಸೀಟಿನ ಕಾರು, ಎಂಟು ಜನ

ಜನವರಿ 17, ಶನಿವಾರ. ಬೆಳಿಗ್ಗೆ 11.00

ಪಾಪುಗೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಮಲಗಿಸಿದ್ದಾಯಿತು. ನನ್ನದೂ ಮುಗಿದು ಈಗ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈಮೇಲೆ ಎರಡು ಕಂಬಳಿ. ಬೆವರಬೇಕಂತೆ. ಅಜ್ಜಿಯ ಆಜ್ಞೆ. ಕಂಬಳಿಯೊಳಗೇ ಕೂತು ಬರೆಯುತ್ತಿದ್ದೇನೆ, ಪೆನ್ನು ಜಾರುತ್ತಿದೆ.

ಹಾಲ್‌ನಲ್ಲಿ ಮತ್ತೆ ಅದೇ ಜಗಳ. ಇವತ್ತಿಗೆ ನಾಲ್ಕನೇ ದಿನ. ಅಣ್ಣ ಪರಮೇಶ್ ಚಿತ್ರದುರ್ಗದಿಂದ ಫೋನಿನ ಸ್ಪೀಕರ್‌ನಲ್ಲಿ, ಅಪ್ಪ ಇಲ್ಲಿ ಹೊಳಲ್ಕೆರೆಯ ಮನೆಯ ಸೋಫಾದ ಮೇಲೆ. ಅಪ್ಪ ಮಾತಾಡುವ ಜೋರಿಗೆ ಫೋನೇ ಬೇಕಿರಲಿಲ್ಲ.

"ಕಾರಾದ್ರೆ ಸಾವಿರದ ಮುನ್ನೂರಕ್ಕೆ ಹುಬ್ಬಳ್ಳಿ ಮುಟ್ತೀವಿ ಅಪ್ಪಾಜಿ. ಬಾಗ್ಲಿಂದ ಬಾಗ್ಲಿಗೆ."

"ರೈಲಾದ್ರೆ ತಲೆಗೆ ತೊಂಬತ್ತೈದು. ಕೂಸಿಗೆ ಟಿಕೆಟ್ಟೇ ಇಲ್ಲ. ಏನ್ ಮಾತಾಡ್ತೀಯಪ್ಪ ನೀನು?"

ಸಾಗಿಸಬೇಕಾದ ಸಾಮಾನು ನಾನು. ಐದನೇ ತಿಂಗಳಲ್ಲಿ ಬಾಣಂತಿಯನ್ನೂ ಮಗುವನ್ನೂ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಪಾಪು ಹುಟ್ಟಿದ್ದು ಸೆಪ್ಟೆಂಬರ್ ಹತ್ತಕ್ಕೆ. ಅಂದರೆ ಫೆಬ್ರವರಿ ಹತ್ತಕ್ಕೆ ಆರನೇ ತಿಂಗಳು ಶುರು. ಸರಿಸಂಖ್ಯೆಯ ತಿಂಗಳಲ್ಲಿ ಕಳಿಸುವ ಹಾಗಿಲ್ಲ. ತಪ್ಪಿದರೆ ಏಳನೇ ತಿಂಗಳೇ.

ಇವರಿಗೆ ಏಳನೇ ತಿಂಗಳಾದರೂ ನಡೆಯುತ್ತದೆ, ನನಗೆ ನಡೆಯುವುದಿಲ್ಲ. ನನ್ನ ರಜೆ ಫೆಬ್ರವರಿ ಎಂಟಕ್ಕೆ ಮುಗಿಯುತ್ತದೆ. ಒಂಬತ್ತನೇ ತಾರೀಕು ಸೋಮವಾರ ಹುಬ್ಬಳ್ಳಿಯ ಶಾಲೆಯಲ್ಲಿ ಸಹಿ ಹಾಕದಿದ್ದರೆ, ನನ್ನ ಜಾಗದಲ್ಲಿ ಈಗ ಹತ್ತನೇ ಕ್ಲಾಸಿಗೆ ಗಣಿತ ಮಾಡುತ್ತಿರುವ ಪ್ರೀತಿ ಮಿಸ್‌ನ ಕಾಯಂ ಮಾಡುತ್ತೇವೆ ಅಂತ ಹೆಡ್ ಮೇಡಂ ಹೇಳಿಯಾಗಿದೆ. ಖಾಸಗಿ ಶಾಲೆ, ಯಾರನ್ನು ಕೇಳೋಣ. ಏಳು ವರ್ಷ ದುಡಿದಿದ್ದೇನೆ ಅಲ್ಲಿ.

ಮನೆಯಲ್ಲಿ ಇದನ್ನು ಹನ್ನೆರಡು ಸಲ ಹೇಳಿದ್ದೇನೆ. "ಹೂಂ, ಹೋಗಾಣ ಬಿಡು, ಹೆಂಗೆ ಅಂತ ನೋಡಾಣ," ಅನ್ನುತ್ತಾರೆ ಅಪ್ಪ. ಹೆಂಗೆ ಅನ್ನುವುದರಲ್ಲೇ ನಾಲ್ಕು ದಿನ ಕಳೆದಿದೆ.

ಜನವರಿ 19, ಸೋಮವಾರ. ಮಧ್ಯಾಹ್ನ

ಇವತ್ತು ಅಜ್ಜಿ ಬಾಯಿ ಬಿಟ್ಟರು. ಇಷ್ಟು ದಿನ ಸುಮ್ಮನೆ ಅಡಕೆ ಕತ್ತರಿಸಿಕೊಂಡು ಕೇಳುತ್ತಿದ್ದವರು.

"ಎಷ್ಟು ಜನ ಹೋಗ್ತೀರಿ ಅಂತ ಗೊತ್ತಿಲ್ದೆ ಎಂಥ ಲೆಕ್ಕನಪ್ಪ ನಿಮ್ಮದು?"

ನಿಜವಾಗಿ ಒಳ್ಳೆ ಪ್ರಶ್ನೆ. ಕಾರಿಗೆ ಒಬ್ಬರು ಹೋದರೂ ಏಳು ಜನ ಹೋದರೂ ಅದೇ ಡೀಸೆಲ್. ರೈಲಿಗೆ ತಲೆ ಲೆಕ್ಕ. ತಲೆ ಎಷ್ಟು ಅಂತ ಗೊತ್ತಾಗದೆ ಹೋಲಿಸುವುದು ಹೇಗೆ? ಗಣಿತದ ಟೀಚರ್ ನಾನು, ನಾನೇ ಕೇಳಬೇಕಿತ್ತು. ಕೇಳಿದರೆ ಉತ್ತರ ಸಿಗುತ್ತಿತ್ತೇ ಅನ್ನುವುದು ಬೇರೆ ಮಾತು.

ಅಜ್ಜಿಯ ಷರತ್ತು. ಮೂರು ಜನ ಹೋಗಕೂಡದು. ಐದು ಜನ ಮುತ್ತೈದೆಯರು ಜೊತೆಗೆ ಹೋಗಿ ಬಾಣಂತಿಯನ್ನು ಒಳಗೆ ಬಿಟ್ಟು ಬರಬೇಕು. ಬಾಣಂತಿ ಆ ಐದರಲ್ಲಿ ಸೇರುವುದಿಲ್ಲ.

ಅಮ್ಮ ಬೆರಳು ಮಡಚಿದರು. ತಾನು ಒಂದು. ಅತ್ತಿಗೆ ಮೋನಿಕಾ ಎರಡು. ಹಿರಿಯೂರಿನಲ್ಲಿರುವ ಅಪ್ಪನ ತಂಗಿ ಮೂರು. ಹೊಸದುರ್ಗದ ದೊಡ್ಡಮ್ಮ ನಾಲ್ಕು. ಐದನೆಯವರು ಯಾರು? ಪಕ್ಕದ ಮನೆ ಬೊಮ್ಮಕ್ಕ, ಬೇರೆ ಯಾರೂ ಕರೆಯುವ ಮೊದಲೇ ಗೋಡೆಯಾಚೆಯಿಂದ ಅಮ್ಮನಿಗೆ, "ನಾ ಬರ್ತೀನಿ ಕೊಟ್ರಮ್ಮ, ಹುಬ್ಬಳ್ಳಿ ನೋಡಿಲ್ಲ ನಾನು," ಅಂದರು.

ಆಮೇಲೆ ಪಾಪು ಲೆಕ್ಕಕ್ಕಿದೆಯೋ ಇಲ್ಲವೋ ಅಂತ. ಅಜ್ಜಿ, "ಹಲ್ಲು ಬರದ ಕೂಸು ಲೆಕ್ಕಕ್ಕಿಲ್ಲ." ದೊಡ್ಡಮ್ಮ ಫೋನಿನಲ್ಲಿ, "ಜೀವ ಅಂದ್ಮ್ಯಾಲೆ ಲೆಕ್ಕ ಲೆಕ್ಕನೇ." ಅಪ್ಪ, "ರೈಲ್ವೆಯವ್ರು ಐದು ವರ್ಷದ ತನಕ ಲೆಕ್ಕಕ್ಕಿಲ್ಲ ಅಂತಾರೆ." ಅಣ್ಣ, "ನನ್ ಕಾರಲ್ಲೂ ಮಡಿಲಲ್ಲೇ ಕುಂತ್ಕಳ್ಳೋದು." ಲೆಕ್ಕಕ್ಕಿಲ್ಲದ ವ್ಯಕ್ತಿ ಅಷ್ಟರಲ್ಲಿ ನನ್ನ ನೈಟಿ ಪೂರ್ತಿ ಒದ್ದೆ ಮಾಡಿತ್ತು.

ಇಷ್ಟೆಲ್ಲ ಕಾನೂನು ಮಾಡುವ ಅಜ್ಜಿ ತಾನು ಬರುವ ಹಾಗಿಲ್ಲ. ಅಜ್ಜ ಹೋಗಿ ಎಂಟು ವರ್ಷ. ಯಾಕಜ್ಜಿ ಬರಬಾರದು ಅಂದೆ. "ಸುಮ್ಕಿರು," ಅಂದರು. ಸಿಟ್ಟು ಬಂತು ನನಗೆ, ಅಜ್ಜಿಯ ಮೇಲೋ ಯಾರ ಮೇಲೋ.

ಜನವರಿ 22, ಗುರುವಾರ

ಹಿರಿಯೂರತ್ತೆ ಫೋನ್, ಅಣ್ಣನೂ ಅದರಲ್ಲೇ ಸೇರಿಕೊಂಡಿದ್ದ. "ಎರಡೂ ಬ್ಯಾಡ. ಹೆಂಗಸ್ರಿಗೆ ಬಸ್ ಫ್ರೀ ಐತೆ. ಆರು ಜನ ಹೆಂಗಸ್ರು ಪುಕ್ಕಟೆ ಹೋಗಿ ಬರಾದು ಬಿಟ್ಟು ಕಾರಿಗೆ, ರೈಲಿಗೆ ಯಾಕೆ ಸುರೀತೀರಿ?"

ಅಪ್ಪ, ಅಣ್ಣ ಇಬ್ಬರೂ ಒಂದೇ ಪಕ್ಷ ಸೇರಿದ್ದು ಆಗೊಂದು ನಿಮಿಷ ಮಾತ್ರ. ಬಸ್ಸಿನಲ್ಲಿ ತೊಟ್ಟಿಲು ಎಲ್ಲಿಡೋದು, ದಾವಣಗೆರೆಯಲ್ಲಿ ಬಾಣಂತಿ ಬಸ್ ಬದಲಾಯಿಸೋದಾ, ಅಂತ ಇಬ್ಬರೂ ಕೂಗಾಡಿ ಅತ್ತೆಯ ಬಾಯಿ ಮುಚ್ಚಿಸಿದರು. ಅತ್ತೆ ಫೋನ್ ಇಟ್ಟ ಮೇಲೆ ಮತ್ತೆ ತಮ್ಮ ತಮ್ಮ ಜಾಗಕ್ಕೆ.

ಅಪ್ಪನಿಗೆ ಇವತ್ತು ಒಂದು ಹೊಸ ಪಾಯಿಂಟ್ ಸಿಕ್ಕಿತು. ಅಣ್ಣನ ಸಾವಿರದ ಮುನ್ನೂರು ಹೊಳಲ್ಕೆರೆಯಿಂದ ಹುಬ್ಬಳ್ಳಿಗೆ ಮಾತ್ರ. ಆದರೆ ಕಾರು ಚಿತ್ರದುರ್ಗದಿಂದ ಹೊರಟು, ಹಿರಿಯೂರಿಗೆ ಹೋಗಿ ಅತ್ತೆಯನ್ನು ಹತ್ತಿಸಿಕೊಂಡು, ಹೊಸದುರ್ಗಕ್ಕೆ ಹೋಗಿ ದೊಡ್ಡಮ್ಮನನ್ನು ಹತ್ತಿಸಿಕೊಂಡು, ಆಮೇಲೆ ಇಲ್ಲಿಗೆ ಬರಬೇಕು. ಮುತ್ತೈದೆಯರನ್ನು ಕೂಡಿಸುವುದಕ್ಕೇ ನೂರಿಪ್ಪತ್ತು ಕಿಲೋಮೀಟರ್.

"ಅದನ್ಯಾಕೆ ಸೇರಿಸ್ತೀರಿ? ಅದು ನಮ್ಮೂರಾಗೆ ಓಡಾಡಿದಂಗೆ," ಅಂದ ಅಣ್ಣ.

"ಹಿರಿಯೂರು ನಿನಗೆ ಪಕ್ಕದ ಬೀದಿನೇನ್ಲೇ?"

ಅಣ್ಣ ಕೂಡಲೇ ತಿರುಗಿಸಿದ. ಚಿಕ್ಕಜಾಜೂರು ಸ್ಟೇಷನ್ನಿಗೆ ಎರಡು ಆಟೋ, ಹುಬ್ಬಳ್ಳಿಯಲ್ಲಿ ಎರಡು ಆಟೋ, ಕೂಲಿ, ದೊಡ್ಡಮ್ಮ ಹೊಸದುರ್ಗ ಊರಿಂದ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬರೋದು... ಅದನ್ನು ಅಪ್ಪ ಸೇರಿಸಿರಲಿಲ್ಲ. ಅಪ್ಪ ಊಟ ಬಿಟ್ಟು ಎದ್ದು ತಮ್ಮ ಪಾತ್ರೆ ಅಂಗಡಿಗೆ ಹೋದರು.

ಗುರುರಾಜ್‌ಗೆ ಫೋನ್ ಮಾಡಿದೆ. ನನ್ನ ಗಂಡ, ಈ ಮಗುವಿನ ತಂದೆ. ನೀವಾದರೂ ಒಂದು ಮಾತು ಹೇಳಿ ಅಂದೆ. "ನಿಮ್ಮ ಮನ್ಯಾಗ ಹೆಂಗಂತಾರ ಹಂಗ ಮಾಡ್ರಿ. ನಂದೇನೂ ಇಲ್ಲ," ಅಂದರು. ಏನೂ ಇಲ್ಲವಂತೆ.

ಜನವರಿ 25, ಭಾನುವಾರ. ಸಂಜೆ 4.00

ಅಣ್ಣ ಕಾರು ತಂದಿದ್ದ. ಎಂಟು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಏಳು ಸೀಟಿನದು. ತೊಳೆದು, ಪಾಲಿಶ್ ಮಾಡಿ, ಒಳಗೆ ಮಲ್ಲಿಗೆ ವಾಸನೆಯ ಪರ್ಫ್ಯೂಮ್ ಬೇರೆ. ಅಮ್ಮನಿಗೆ ತಲೆಸುತ್ತು ಬಂತು.

ತೊಟ್ಟಿಲು ಮೇಲೆ ಹಿಡಿಸುತ್ತದಾ ಅಂತ ನೋಡಬೇಕಿತ್ತು. ಅಪ್ಪ ಅಷ್ಟರಲ್ಲಿ ಅದನ್ನು ಅಂಗಡಿಗೆ ಹೊರಿಸಿಕೊಂಡು ಹೋಗಿ, ಸ್ಟೀಲ್ ಪಾತ್ರೆ ತೂಗುವ ತಕ್ಕಡಿಯಲ್ಲಿ ತೂಗಿಸಿ ತಂದಿದ್ದರು. ಮೂವತ್ತೊಂದು ಕೆಜಿ. "ಇದನ್ನ ಮ್ಯಾಲೆ ಹೇರಿದ್ರೆ ಮೈಲೇಜ್ ಬೀಳ್ತೈತೆ. ಹದಿನೆಂಟು ಅಂತ ಹೇಳ್ತಿದ್ದೀಯ, ಹದಿನಾಲ್ಕೂ ಕೊಡಲ್ಲ."

"ರೈಲಲ್ಲಿ ಇದನ್ನ ತಲೆ ಮ್ಯಾಲೆ ಇಟ್ಕಂಡು ನಿಂತ್ಕಳ್ತೀರಾ ಅಪ್ಪಾಜಿ?"

ಅಪ್ಪನಿಗೆ ಅರವತ್ತಮೂರು, ಅಣ್ಣನಿಗೆ ಮೂವತ್ತೆಂಟು. ಇಬ್ಬರೂ ರಸ್ತೆ ಮಧ್ಯ ತೊಟ್ಟಿಲ ಎರಡು ತುದಿ ಹಿಡಿದು ಜಗಳ. ಬೀದಿಯವರೆಲ್ಲ ಹೊರಗೆ ಬಂದರು. ಬಾಣಂತಿ ಗಾಳಿಗೆ ನಿಲ್ಲಬಾರದು ಅಂತ ನನ್ನನ್ನು ಒಳಗೆ ಅಟ್ಟಿದರು. ಮರ್ಯಾದೆ ಹೋಗುವುದನ್ನು ಕಿಟಕಿಯಿಂದಲೇ ನೋಡಿದೆ.

ಒಂದು ಗೊತ್ತಾಗದು ನನಗೆ. ಅಪ್ಪ ಜಿಪುಣರಲ್ಲ. ನನ್ನ ಹೆರಿಗೆಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಬಿಲ್ ಕೈಗೆ ಕೊಟ್ಟಾಗ ಓದದೆ ಜೇಬಿಗಿಟ್ಟುಕೊಂಡಿದ್ದರು. ಈಗ ಮಾತ್ರ ಡೀಸೆಲ್ಲಿಗೆ ಹೀಗ್ಯಾಕೆ ಆಡುತ್ತಾರೆ?

ಜನವರಿ 31, ಶನಿವಾರ

ಐದು ದಿನ ಬರೆಯಲಿಲ್ಲ. ಪಾಪುಗೆ ಲಸಿಕೆ ಹಾಕಿಸಿದ್ದಕ್ಕೆ ಜ್ವರ. ಆ ಐದು ದಿನ ಮನೆಯಲ್ಲಿ ಕಾರೂ ಇಲ್ಲ, ರೈಲೂ ಇಲ್ಲ. ಅಪ್ಪ ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಓಡಾಡಿದ್ದೇ ಓಡಾಡಿದ್ದು. ಜ್ವರ ಬಿಟ್ಟ ಅರ್ಧ ಗಂಟೆಗೆ, "ಟೋಲ್ ಹೋಗ್ತಾ ಬರ್ತಾ ಎರಡೂ ಹಿಡಿದ್ಯಾ?" ಅಂತ ಅಣ್ಣನಿಗೆ ಫೋನ್.

ಹೆಡ್ ಮೇಡಂ ಮೆಸೇಜ್ ಬಂದಿದೆ. ಒಂಬತ್ತನೇ ತಾರೀಕು ಹತ್ತು ಗಂಟೆಗೆ ಮುಂಚೆ, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಸಮೇತ. ಕೆಳಗೆ ಒಂದು ಕೈಮುಗಿಯುವ ಚಿತ್ರ. ಸರ್ಟಿಫಿಕೇಟ್ ಇವತ್ತೇ ಮಾಡಿಸಿ ಬ್ಯಾಗಿಗೆ ಹಾಕಿದೆ.

ಆಮೇಲೆ ಪಾಪುನ ತೊಡೆ ಮೇಲೆ ಹಾಕಿಕೊಂಡು ನಾನೇ ಲೆಕ್ಕಕ್ಕೆ ಕೂತೆ. ಲಸಿಕೆ ಕಾರ್ಡಿನ ಹಿಂಭಾಗದಲ್ಲಿ, ಹೋಗಿ ಬರುವುದು ಎರಡೂ, ಇಬ್ಬರೂ ಬಿಟ್ಟದ್ದನ್ನೆಲ್ಲ ಸೇರಿಸಿ. ಡೀಸೆಲ್, ಟೋಲ್, ದಾರಿಯ ತಿಂಡಿ. ಟಿಕೆಟ್, ಆಟೋ, ಕೂಲಿ.

ಕಾರು 4,640. ರೈಲು 4,400.

ಎರಡು ವಾರದಿಂದ ಈ ಮನೆ ಹೊತ್ತಿ ಉರಿಯುತ್ತಿರುವುದು ಇನ್ನೂರ ನಲವತ್ತು ರೂಪಾಯಿಗೆ!

ಕಾರ್ಡು ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಒಪ್ಪುತ್ತಾರೆ ಅಂದುಕೊಂಡೆ. "ಅಂದ್ರೂ ರೈಲೇ ಕಮ್ಮಿ ಆಯ್ತಲ್ಲ," ಅಂದರು.

ಫೆಬ್ರವರಿ 3, ಮಂಗಳವಾರ. ಮಧ್ಯಾಹ್ನ 3.00

ತೀರ್ಮಾನ ಆಯಿತು. ಕಾರು. ಭಾನುವಾರ ಎಂಟನೇ ತಾರೀಕು. ಅಮ್ಮ ರೇಗಿ, "ನಾಳೆ ಒಳಗೆ ಹೇಳ್ಲಿಲ್ಲ ಅಂದ್ರೆ ನಾನೇ ಇವಳನ್ನ ಎತ್ತಿನ ಗಾಡಿಲಿ ಕರ್ಕಂಡು ಹೋಗ್ತೀನಿ," ಅಂದ ಮೇಲೆ ಅಪ್ಪ ಸುಮ್ಮನಾದರು. ಸುಮ್ಮನಾದ ರೀತಿ ಸರಿ ಕಾಣಲಿಲ್ಲ.

ಅಣ್ಣ ವಾಟ್ಸಾಪ್‌ನಲ್ಲಿ ಸೀಟಿನ ಪಟ್ಟಿ ಕಳಿಸಿದ. ಮುಂದೆ ಅವನು, ಅಮ್ಮ. ಮಧ್ಯ ನಾನು ಮತ್ತು ಪಾಪು, ಹಿರಿಯೂರತ್ತೆ, ದೊಡ್ಡಮ್ಮ. ಹಿಂದೆ ಅತ್ತಿಗೆ, ಬೊಮ್ಮಕ್ಕ. ಏಳು ಸೀಟು ಭರ್ತಿ.

ಎರಡು ಸಲ ಓದಿದೆ. ಅಪ್ಪನ ಹೆಸರಿಲ್ಲ.

ಅಣ್ಣನಿಗೆ ಫೋನ್ ಮಾಡಿದರೆ, "ಅಪ್ಪಾಜಿ ಯಾಕೆ? ಹೆಂಗಸ್ರ ಶಾಸ್ತ್ರ ಅಲ್ವೇನೆ. ಅಂಗ್ಡಿ ಬ್ಯಾರೆ ನೋಡ್ಕಬೇಕು." ಅವನ ಮಾತಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಐದು ಮುತ್ತೈದೆಯರು ಬೇಕು, ಡ್ರೈವರ್ ಬೇಕು, ನಾನು ಬೇಕು. ಶಾಸ್ತ್ರಕ್ಕೆ ಅಪ್ಪ ಬೇಕಿಲ್ಲ.

ಆಗ ಗೊತ್ತಾಯಿತು ನನಗೆ. ಇಷ್ಟು ದಿನ ಟೋಲು, ಮೈಲೇಜು, ಮೂವತ್ತೊಂದು ಕೆಜಿ, ಎಲ್ಲವೂ ಯಾಕೆ ಅಂತ. ರೈಲಿನಲ್ಲಿ ಮಾತ್ರ ಅಪ್ಪನಿಗೆ ಜಾಗ ಇತ್ತು.

ಅಂಗಡಿಯಿಂದ ಊಟಕ್ಕೆ ಬಂದಾಗ ಕೇಳಿದೆ, ನಿಮಗೆ ಬರಬೇಕು ಅಂತ ಇತ್ತಾ ಅಂತ. ತಟ್ಟೆ ನೋಡಿಕೊಂಡೇ, "ರೈಲು ಅಗ್ಗ ಅಂತ ಹೇಳ್ದೆ ಕಣವ್ವ. ಅಷ್ಟೇ," ಅಂದರು.

ಬೊಮ್ಮಕ್ಕನನ್ನು ಬಿಡಿ, ಅಪ್ಪನನ್ನು ಕೂರಿಸಿ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮುತ್ತೈದೆ ನಾಲ್ಕಾಗುತ್ತದೆ, ಅಜ್ಜಿ ಎದ್ದು ಕೂರುತ್ತಾರೆ, ಮತ್ತೆ ಮೊದಲಿಂದ ಶುರುವಾಗುತ್ತದೆ, ಭಾನುವಾರ ತಪ್ಪುತ್ತದೆ. ಸೋಮವಾರ ಸಹಿ ಬಿದ್ದರೆ ಸಾಕು ನನಗೆ. ಸ್ವಾರ್ಥ ಅಂತ ಗೊತ್ತು. ಗೊತ್ತಿದ್ದೇ ಸುಮ್ಮನಿದ್ದೆ.

ಫೆಬ್ರವರಿ 5, ಗುರುವಾರ

ಅಪ್ಪ ಸರಿಯಾಗಿ ಮಾತಾಡುತ್ತಿಲ್ಲ. ಪಾಪುನ ಎತ್ತಿಕೊಂಡು ಅಂಗಡಿಗೆ ಹೋಗಿ ಬಂದರು, ಅಜ್ಜಿ ಬಯ್ದರೂ ಕೇಳದೆ. ಅದಕ್ಕೆ ಒಂದು ಪುಟಾಣಿ ಸ್ಟೀಲ್ ಲೋಟ ತಂದಿದ್ದಾರೆ, ಹೆಸರು ಕೆತ್ತಿಸಿ. ಕುಡಿಯುವ ವಯಸ್ಸಾಗಿಲ್ಲ ಅಪ್ಪ ಇನ್ನೂ ಅಂದೆ. "ಆಗ್ತೈತಲ್ಲ," ಅಂದರು. ಲೋಟವನ್ನೂ ಬ್ಯಾಗಿಗೆ ಹಾಕಿದೆ.

ಫೆಬ್ರವರಿ 7, ಶನಿವಾರ. ಸಂಜೆ 5.30

ಅಜ್ಜಿಗೆ ಇವತ್ತು ಹೊಸ ಆತಂಕ. ನಾಳೆ ಒಳ್ಳೆ ಗಳಿಗೆ ಇರುವುದು ಬೆಳಗಿನ ಜಾವ ಐದು ಹತ್ತಕ್ಕಂತೆ. ಆ ಚಳಿಯಲ್ಲಿ ಪಾಪುನ ಹೊರಗೆ ತೆಗೆಯೋದು ಬೇಡ ಅಂತಲೂ ಅವರೇ ಹೇಳಿದರು. ಹಾಗಾದರೆ ಪ್ರಸ್ಥಾನ ಇಡಬೇಕು. ಅಂದರೆ ಪ್ರಯಾಣದ ಒಂದು ಗಂಟನ್ನು ಒಳ್ಳೆ ಹೊತ್ತಿನಲ್ಲಿ ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೋಯಿತು ಅಂದರೆ ನಾವೂ ಹೊರಟಂತೆ. ಆಮೇಲೆ ನಾವು ಯಾವಾಗ ಹೊರಟರೂ ದೋಷ ಇಲ್ಲ.

ನಿಜ ಹೇಳಬೇಕೆಂದರೆ ಈ ಪದ್ಧತಿ ನನಗೆ ಹಿಡಿಸಿತು. ಇಡೀ ಶಾಸ್ತ್ರದಲ್ಲಿ ಇದೊಂದೇ ಸ್ವಲ್ಪ ತಲೆ ಓಡಿಸಿ ಮಾಡಿದ್ದು ಅನ್ನಿಸುತ್ತದೆ.

ಇವತ್ತು ಸಂಜೆ ಐದೂ ಒಳ್ಳೆ ಹೊತ್ತಂತೆ. ಐದು ಗಂಟೆಗೆ ಅಮ್ಮ ನನ್ನ ಬ್ಯಾಗಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಪಕ್ಕದ ಬೊಮ್ಮಕ್ಕನ ಮನೆಯಲ್ಲಿಟ್ಟು ಬಂದರು. ಈಗ ಶಾಸ್ತ್ರದ ಪ್ರಕಾರ ನಾನು ಅರ್ಧ ಹುಬ್ಬಳ್ಳಿ ದಾರಿಯಲ್ಲಿದ್ದೇನೆ. ಅಣ್ಣ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದಾನೆ, ಅತ್ತಿಗೆ, ಅತ್ತೆ, ದೊಡ್ಡಮ್ಮ ಎಲ್ಲ ಬಂದಾಯಿತು. ನಾಳೆ ಏಳಕ್ಕೆ ಹೊರಡೋದು.

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ 7.40

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಬೊಮ್ಮಕ್ಕನ ಮನೆಗೆ ಬೀಗ.

ಬೆಳಿಗ್ಗೆ ಐದಕ್ಕೆ ಅವರ ಮಗಳ ಊರು ತುರುವನೂರಿನಿಂದ ಫೋನ್ ಬಂತಂತೆ, ಮಗಳಿಗೆ ಹೆರಿಗೆ ನೋವು ಅಂತ. ಗಂಡ ಹೆಂಡತಿ ಸಿಕ್ಕ ಬಸ್ ಹತ್ತಿ ಹೋಗಿದ್ದಾರೆ. ಬೀಗದ ಕೈ ಸೊಂಟದಲ್ಲಿ. ನನ್ನ ಬ್ಯಾಗು ಒಳಗೆ. ಬ್ಯಾಗಿನೊಳಗೆ ಫಿಟ್‌ನೆಸ್ ಸರ್ಟಿಫಿಕೇಟ್.

ಬೀಗ ಒಡೆಯೋಣ ಅಂದರು ಅಪ್ಪ. "ಪ್ರಸ್ಥಾನ ಇಟ್ಟ ಮನೆ ಬೀಗ ಒಡೀತಾರೇನೋ? ಕೂಸಿನ ಪ್ರಯಾಣ!" ಅಂತ ಅಜ್ಜಿ. ಬೊಮ್ಮಕ್ಕ ಫೋನಿನಲ್ಲಿ, "ಒಡೀಬ್ಯಾಡ್ರಿ ಅಣ್ಣ, ನಮ್ಮ ಮಾವನ ಕಾಲದ ಬೀಗ, ನೀವೇ ಬಂದು ಕೀ ಇಸ್ಕಳ್ರಿ," ಅಂದರು. ಹಿಂದೆ ಮಗಳು ನರಳುವುದು ಕೇಳಿಸುತ್ತಿತ್ತು. ಅವರನ್ನು ಬಯ್ಯುವುದಾದರೂ ಹೇಗೆ.

ತುರುವನೂರು ಅಂದರೆ ಚಿತ್ರದುರ್ಗ ದಾಟಿ. ಹೋಗಿ ಬರಲು ನೂರು ಕಿಲೋಮೀಟರ್ ಮೇಲೆ. ಅಣ್ಣ ಕಾರು ತಿರುಗಿಸಿದ. ಹತ್ತೂವರೆ ಆಗುತ್ತೆ ಅಂದ. ಆಮೇಲೆ ಬೀಗ ತೆಗೆದು, ಮತ್ತೊಬ್ಬ ಮುತ್ತೈದೆಯನ್ನು ಹುಡುಕಿ... ಹನ್ನೆರಡು. ಭಾನುವಾರ ಹನ್ನೆರಡರಿಂದ ಒಂದೂವರೆ ಯಮಗಂಡ ಕಾಲ, ಹೊರಡಬಾರದು ಅಂತ ದೊಡ್ಡಮ್ಮ ಶುರು ಮಾಡಿದರು. "ಇಷ್ಟು ಅಡ್ಡಿ ಬಂದ್ಮ್ಯಾಲೆ ಬ್ಯಾಡ ಅಂತಲೇ ಅರ್ಥ. ಏಳನೇ ತಿಂಗ್ಳಿಗೆ ಕಳಿಸಾಣ ಬಿಡ್ರಿ."

ನಾನು ಕೂಗಿಬಿಟ್ಟೆ. ಐದು ತಿಂಗಳಲ್ಲಿ ಮೊದಲ ಸಲ. ನನ್ನನ್ನು ಒಬ್ಬರಾದರೂ ಕೇಳಿದಿರಾ? ಹೋಗಬೇಕಾದವಳು ನಾನಲ್ಲವಾ? ನಾಳೆ ಸಹಿ ಹಾಕದಿದ್ದರೆ ಏಳು ವರ್ಷದ ಕೆಲಸ ಹೋಗುತ್ತೆ, ನಿಮಗೆ ಯಮಗಂಡ! ಪಾಪು ಬೆಚ್ಚಿಬಿದ್ದು ಅಳಲು ಶುರು ಮಾಡಿತು.

ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ಟಿಕೆಟ್. ಚಿಕ್ಕಜಾಜೂರಿನಿಂದ ಹುಬ್ಬಳ್ಳಿ, ಇವತ್ತಿನದೇ, ಒಂಬತ್ತೂವರೆ ಗಾಡಿ. ಎರಡೇ ಹೆಸರು, ನನ್ನದು, ಅಪ್ಪನದು. ಸಹನಾ, ಪಂಚಾಕ್ಷರಪ್ಪ.

"ಯಾವಾಗ ಮಾಡಿಸಿದ್ರಿ ಇದನ್ನ?" ಅಂದರು ಅಮ್ಮ.

"ಹೋದ ತಿಂಗ್ಳೇ, ಇವಳ ರಜೆ ಮುಗಿಯಾ ದಿನಕ್ಕೆ. ಕ್ಯಾನ್ಸಲ್ ಮಾಡಾಕೆ ಮನಸ್ಸು ಬರ್ಲಿಲ್ಲ."

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಪಾಪುನ ಒಂದು ಸಲ ನೋಡಿ, ನನ್ನನ್ನು ನೋಡಿ, "ಇಬ್ರೇ ತಾನೆ. ಮೂರಾಗಲ್ಲ, ಹೋಗ್ರಿ. ಮುತ್ತೈದೇರು ತೊಟ್ಲು ಹಿಂದೆ ತರ್ತಾರೆ," ಅಂದರು. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ನಿನ್ನ ಕೆಲ್ಸ ಹೋದ್ರೆ ಇನ್ನೊಂದು ಕೊಡ್ಸಾಕೆ ನನ್ನ ಕೈಲಿ ಆಗಲ್ಲ ಕಣೆ. ನಡಿ."

ಕಾಲಿಗೆ ಬಿದ್ದೆ. ಆಟೋ ಬಂದಿದೆ, ಅಮ್ಮ ಕೂಗುತ್ತಿದ್ದಾರೆ.

ಅದೇ ದಿನ, 11.15. ರೈಲಿನಲ್ಲಿ

ದಾವಣಗೆರೆ ದಾಟಿತು. ಅಕ್ಷರ ಅಲುಗಾಡುತ್ತಿದೆ.

ಹತ್ತಿದಾಗಿನಿಂದ ಪಾಪು ಅಪ್ಪನ ಕೈಯಲ್ಲೇ ಇದೆ. ಒಂದು ಸಲ ಕುಡಿಸಲು ಕೊಟ್ಟರು, ಮುಗಿದ ತಕ್ಷಣ ಕೈ ಚಾಚಿ ಇಸಿದುಕೊಂಡರು. ಕಿಟಕಿಯಿಂದ ಕಂಡದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದಾರೆ. "ಅಗಾ ನೋಡು, ಮೆಕ್ಕೆಜೋಳ. ಅಗಾ ಕುರಿ. ಎಷ್ಟು ಅವೆ ಎಣಿಸಾಣ?" ಎದುರಿಗೆ ಕೂತ ಹೆಂಗಸು ನಗುತ್ತಿದ್ದಾರೆ. ಅಪ್ಪನಿಗೆ ಅದರ ಪರಿವೆಯಿಲ್ಲ.

ಕಾರಿನ ಸೀಟಿನ ವಿಷಯ ಹೇಳಿದೆ. ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪಾಯಿತಪ್ಪ ಅಂದೆ. ಅಪ್ಪ ಪಾಪುವಿನ ಟೋಪಿ ಸರಿ ಮಾಡಿದರು.

"ನಿನ್ನ ಮದುವೆ ಆದ್ಮ್ಯಾಲೆ ಕಳಿಸ್ಬೇಕಾದ್ರೂ ಹಂಗೇ ಆಯ್ತು. ಬಸ್ ತುಂಬಿತ್ತು. ಮಂಟಪದ ಬಾಗ್ಲಾಗೇ ನಿಂತ್ಕಂಡೆ. ಈ ಸಲನಾದ್ರೂ ಬಿಟ್ಟು ಬರಾಣ ಅಂತಿತ್ತು."

ಅಷ್ಟೇ ಅಂದರು. ನನಗೆ ಅಳು ಬಂತು. ಮೂರು ವಾರ ಇವರ ಮೇಲೆ ಹಲ್ಲು ಕಡಿದಿದ್ದೇನೆ ನಾನು.

ಅಣ್ಣನ ಫೋನ್. ಕೀ ಸಿಕ್ಕಿದೆ. ಬೊಮ್ಮಕ್ಕನ ಮಗಳಿಗೆ ಹೆಣ್ಣು ಮಗು. ಐದನೆಯವರು ಸಿಗಲಿಲ್ಲ, ಬ್ಯಾಗು, ತೊಟ್ಟಿಲು, ಇರುವ ನಾಲ್ಕು ಹೆಂಗಸರನ್ನು ಹಾಕಿಕೊಂಡು ಸಂಜೆ ಆರಕ್ಕೆ ಹುಬ್ಬಳ್ಳಿ ಮುಟ್ಟಿಸುತ್ತಾನಂತೆ. ಕೊನೆಗೆ ರೈಲಿನದೂ ಆಯಿತು, ಕಾರಿನದೂ ಆಯಿತು, ಮೇಲೆ ತುರುವನೂರಿನ ಡೀಸೆಲ್. ಅಪ್ಪ ಕೇಳಿ, "ಪಾಪ, ಅವ್ನೂ ಎಷ್ಟು ಓಡಿಸ್ತಾನೆ," ಅಂದರು.

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 9.50. ಸ್ಟಾಫ್ ರೂಮ್

ಸಹಿ ಹಾಕಿದೆ!

ಸರ್ಟಿಫಿಕೇಟ್ ಕೊಟ್ಟೆ. ಹೆಡ್ ಮೇಡಂ ಅದನ್ನು ನೋಡಲೂ ಇಲ್ಲ, ಫೈಲಿಗೆ ಸೇರಿಸಿದರು. ಪ್ರೀತಿ ಮಿಸ್ ಕೈ ಕುಲುಕಿ, ಬಿಟ್ಟುಕೊಡಬೇಕಾದ ಪುಸ್ತಕ ಕೊಟ್ಟರು. ಒಳ್ಳೆ ಹುಡುಗಿ. ಅವಳ ಮುಖ ನೋಡಲಾಗಲಿಲ್ಲ.

ಶಾಲೆ ಊರ ಹೊರಗೆ, ಮನೆಯಿಂದ ಹದಿನಾಲ್ಕು ಕಿಲೋಮೀಟರ್. ಎಂಟಕ್ಕೆ ಬಿಟ್ಟೆ. ಹೊರಡುವಾಗ ಪಾಪು ನಿದ್ದೆ. ಒಳಲೆಯಲ್ಲಿ ಹಾಲು ಕುಡಿಸಲು ಅಮ್ಮನಿಗೂ ಗುರುರಾಜ್ ತಾಯಿಗೂ ಹೇಳಿ ಬಂದಿದ್ದೇನೆ. ಅಂಗಡಿ ನೋಡಬೇಕು ಅಂತ ಅಪ್ಪ ಹನ್ನೆರಡೂವರೆ ಗಾಡಿಗೆ ಊರಿಗೆ, ಅಣ್ಣ ಸಂಜೆ ಉಳಿದವರನ್ನು ಕರೆದುಕೊಂಡು ಕಾರಿನಲ್ಲಿ.

ಬೆಲ್ ಆಯಿತು. ಏಳನೇ ಕ್ಲಾಸು.

ಮಧ್ಯಾಹ್ನ 12.55

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಶಾಲೆಯ ಗೇಟಿನ ಹೊರಗೆ. ಎಡಗೈಯಲ್ಲಿ ಪಾಪು, ಬಲಗೈಯಲ್ಲಿ ಇದು.

ಹನ್ನೊಂದರಿಂದಲೇ ಎದೆ ಕಟ್ಟಿ ಕಲ್ಲಾಗಿತ್ತು. ಬೋರ್ಡ್ ಕಡೆ ತಿರುಗಿ ಬರೆಯುವಾಗ ರವಿಕೆ ಒದ್ದೆ. ಸೆರಗು ಹೊದ್ದುಕೊಂಡೇ ಪಾಠ ಮಾಡಿದೆ. ಫೋನು ಲಾಕರಿನಲ್ಲಿ. ಬಿಡುವಿನಲ್ಲಿ ನೋಡಿದರೆ ಗುರುರಾಜ್, ಅಮ್ಮ, ಹದಿನೇಳು ಮಿಸ್ಡ್ ಕಾಲ್. ತೆಗೆಯುವಷ್ಟರಲ್ಲಿ ಗೇಟಿನ ವಾಚ್‌ಮನ್ ಓಡಿ ಬಂದ. "ಮಿಸ್, ಯಾರೋ ಹಿರಿಯರು ಬಂದಾರ್ರಿ. ಕೈಯಾಗ ಕೂಸು ಐತಿ, ಒಂದೇ ಸವನ ಅಳಾಕ್ಹತ್ತೈತಿ."

ಒಳಲೆ ಮುಟ್ಟಿಲ್ಲ. ಬಾಟಲಿ ಮುಟ್ಟಿಲ್ಲ. ಒಂಬತ್ತರಿಂದ ಅತ್ತು ಅತ್ತು ದನಿ ಹೋಗಿದೆ. ಸ್ಟೇಷನ್ನಿಗೆ ಹೊರಟು ನಿಂತಿದ್ದ ಅಪ್ಪ ಬ್ಯಾಗು ಅಲ್ಲೇ ಹಾಕಿ, ಪಾಪುನ ಕಿತ್ತುಕೊಂಡು, ರಸ್ತೆಗೆ ಬಂದು ಕಂಡ ಮೊದಲ ಟ್ಯಾಕ್ಸಿ ಹತ್ತಿದ್ದಾರೆ. ಅಣ್ಣನ ಕಾರು ಬಾಗಿಲಲ್ಲೇ ಇತ್ತು, ಅಣ್ಣ ಸ್ನಾನಕ್ಕೆ ಹೋಗಿದ್ದನಂತೆ. ಕಾಯಲಿಲ್ಲ.

ಸೀಟು, ಟೋಲು, ತೊಟ್ಟಿಲ ತೂಕ, ಎಲ್ಲ ಎಣಿಸಿದೆವು. ಹೊಳಲ್ಕೆರೆಯಿಂದ ಹುಬ್ಬಳ್ಳಿಗೆ ಎಷ್ಟು ದೂರ ಅಂತ ಮೂರು ವಾರ ಜಗಳ ಆಡಿದೆವು. ಈ ಹದಿನಾಲ್ಕು ಕಿಲೋಮೀಟರನ್ನು ಯಾರೂ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ತಾಯಿ ನಾನು. ನಾಚಿಕೆಯಾಗುತ್ತಿದೆ ಬರೆಯಲು.

ಈಗ ಗಟಗಟ ಕುಡಿಯುತ್ತಿದೆ. ನಡುನಡುವೆ ಬಿಕ್ಕುತ್ತದೆ. ಅಪ್ಪ ಡ್ರೈವರನ್ನು ದೂರ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾರೆ, ತಾವು ಕಾರಿಗೆ ಬೆನ್ನು ಮಾಡಿ ನಿಂತಿದ್ದಾರೆ. ಅಂಗಿಯ ಹೆಗಲೆಲ್ಲ ಪಾಪುವಿನ ಜೊಲ್ಲು.

ಕಿಟಕಿಯಿಂದಲೇ ಕೇಳಿದೆ, ಬಾಡಿಗೆ ಎಷ್ಟಂತೆ ಅಪ್ಪ?

"ಕೇಳ್ಲಿಲ್ಲ ಕಣವ್ವ."

ನಿಮ್ಮ ಗಾಡಿ ತಪ್ಪಿತಲ್ಲ?

ತಿರುಗದೇ ಹೇಳಿದರು. "ಹೋಗ್ಲಿ ಬಿಡು. ನಾಳೆನೂ ಇದೇ ಹೊತ್ತಿಗೆ ಬರಾಕೆ ಹೇಳೀನಿ ಇವ್ರಿಗೆ. ಕೂಸಿಗೆ ರೂಢಿ ಆಗಾಗಂಟ ನಾನಿಲ್ಲೇ ಇರ್ತೀನಿ."

ಬೆಲ್ ಹೊಡೆಯುತ್ತಿದೆ. ಹತ್ತನೇ ಕ್ಲಾಸು. ಇನ್ನೊಂದು ಕಡೆ ಇನ್ನೂ ಕುಡಿಸಿಲ್ಲ. ಐದು ನಿಮಿಷ ಕಾಯಲಿ, ಏನು ಬೇಕಾದರೂ ಅಂದುಕೊಳ್ಳಲಿ.